ಯಾವ ಎಣ್ಣೆ ಎಂದು ಕೇಳಿದ ಕಮಲಾಬಾಯಿ

ಮೇಲವಂಕಿಯ ಕಮಲಾಬಾಯಿ ವಿಚಾರಿಸದೆ ಉಪ್ಪನ್ನೂ ಕೊಂಡವಳಲ್ಲ, ಇಂದಿಗೂ ಕೊಳ್ಳುವುದಿಲ್ಲ. ಬಿಸ್ಕೀಟು ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇರಲೇಬೇಕೆಂಬ ಕಾನೂನು ಬಂದಾಗ ಗೋಕಾಕ ತಾಲೂಕಿನಲ್ಲಿ ಅವಳಷ್ಟು ಖುಷಿಪಟ್ಟವರು ಇನ್ನೊಬ್ಬರಿರಲಿಕ್ಕಿಲ್ಲ. ಅದಕ್ಕೂ ಮೊದಲು ಅವಳು ದೂರದಲ್ಲಿ ಕಂಡರೆ ಸಾಕು, ಕಿರಾಣಿ ಅಂಗಡಿಯ ಲಕ್ಕಪ್ಪ, "ಬಾಯಾರ, ಇದರಾಗ ತತ್ತಿ ಇಲ್ಲರಿ, ದೇವರಾಣಿ ಇಲ್ಲರಿ" ಎಂದು ತಾನಾಗಿಯೇ ಶುರುಹಚ್ಚಿಕೊಳ್ಳುತ್ತಿದ್ದ. ಜೈನರ ಮನೆತನ. ಗಂಡ ಶಾಂತಿನಾಥನದು ಊರಲ್ಲಿ ಶೇಂಗಾ ಎಣ್ಣೆಯ ಗಿರಣಿ. ಮೂವತ್ತು ವರ್ಷ ಎಣ್ಣೆ, ಹಿಂಡಿಗಳ ನಡುವೆ ಓಡಾಡಿದ ಕಮಲಾಬಾಯಿ ಒಂದು ಹನಿಯನ್ನು ಬೆರಳಿನಲ್ಲಿ ಉಜ್ಜಿ ಮೂಸಿ, ಅದರಲ್ಲಿ ಏನು ಬೆರೆತಿದೆ ಎಂದು ಹೇಳಿಬಿಡುತ್ತಿದ್ದಳು.

ಇಂಥವಳಿಗೆ ಐವತ್ತನಾಲ್ಕನೇ ವಯಸ್ಸಿಗೆ, ಎರಡು ಸಾವಿರದ ಎರಡರಲ್ಲಿ, ಎದೆಯ ಕ್ಯಾನ್ಸರ್ ಬಂತು. ಅಳಲಿಲ್ಲ ಎಂದರೆ ಸುಳ್ಳಾದೀತು. ಎರಡು ದಿನ ಮನಸಾರೆ ಅತ್ತಳು. ಮೂರನೆಯ ದಿನ ಮುಖ ತೊಳೆದು, "ಯಾವ ದವಾಖಾನಿ, ಯಾವ ಡಾಕ್ಟರು, ಎಷ್ಟ ದಿನ, ಎಲ್ಲಾ ಹೇಳ್ರಿ" ಎಂದು ಗಂಡನ ಮುಂದೆ ಕೂತಳು. ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಔಷಧದ ಕಾವಿಗೆ ಉದುರಿದ ಕೂದಲು ಗುಂಗುರಾಗಿ ತಿರುಗಿ ಬಂತು. ಆಗ ಗುರುಪಾದ ಡಾಕ್ಟರು ಹೊಸದೊಂದು ಮಾತು ತೆಗೆದರು. ಅವರು ಹುಕ್ಕೇರಿಯ ಕಡೆಯವರು, ಉದ್ದ ಮಾತಿನವರಲ್ಲ.

"ಬಾಯಾರ, ಗಡ್ಡಿ ತಗದೇವಿ. ಖರೆ, ಅದರ ಬೀಜ ಎಲ್ಲೆರ ಉಳದಿದ್ರ ತಿರಗಿ ಬರಬಹುದು. ಮೈಯಾಗ ರೋಗದ ಜೋಡಿ ಬಡದಾಡವರು ಅದಾರ, ಆದ್ರ ಅವರಿಗೆ ಇದರ ಗುರುತಿಲ್ಲ. ಕಳ್ಳನ ಅಂಗಿ ಚೂರು ನಾಯಿಗೆ ಮೂಸಾಕ ಕೊಟ್ಟಂಗ, ಕ್ಯಾನ್ಸರಿನ ಪ್ರೋಟೀನಿನಂಥಾದ್ದ ಒಂದು ಚೂರು ಮೈಗೆ ಚುಚ್ಚಿ ಗುರುತು ಹಿಡಸತೇವಿ. ಆ ಚೂರಿಗೆ ಪೆಪ್ಟೈಡ್ ಅಂತಾರ. ತಿಂಗಳಿಗೊಂದರಂಗ ಆರು ಸೂಜಿ."

"ನಾಟತೈತೇನ್ರಿ?"

"ಗೊತ್ತಿಲ್ಲರಿ. ಗೊತ್ತಿದ್ರ ಪರೀಕ್ಷಾ ಯಾಕ ಮಾಡತಿದ್ವಿ?"

ಈ ಉತ್ತರ ಕಮಲಾಬಾಯಿಗೆ ಬಹಳ ಹಿಡಿಸಿತು. ಆದರೂ ಬಿಡಲಿಲ್ಲ. "ಆ ಚೂರು ಯಾವ ಜೀವದ್ದರಿ?" ಎಂದಳು. ಯಾವ ಜೀವದ್ದೂ ಅಲ್ಲ, ಮಷೀನಿನಲ್ಲಿ ಕೂಡಿಸಿ ಮಾಡಿದ್ದು ಎಂದರು ಡಾಕ್ಟರು. ಹನ್ನೊಂದು ಪುಟದ ಒಪ್ಪಿಗೆ ಕಾಗದವನ್ನು ಅಕ್ಷರ ಬಿಡದೆ ಓದಿ ಸಹಿ ಹಾಕಿದಳು. ಎಂದೂ ತಪ್ಪದವಳು ತಪ್ಪಿದ್ದು ಇಲ್ಲಿಯೇ: ಚೂರಿನ ಕುಲಗೋತ್ರ ಕೇಳಿದಳು, ಅದನ್ನು ಯಾತರಲ್ಲಿ ಕಲಸುತ್ತಾರೆ ಎಂದು ಕೇಳಲಿಲ್ಲ.

ಅದೇ ಪರೀಕ್ಷೆಗೆ ಮೂಡಲಗಿಯ ಕಾಶೆವ್ವನೂ ಸೇರಿದ್ದಳು. ಲಿಂಗ ಕಟ್ಟಿದ ಮನೆಯ ಹೆಣ್ಣುಮಗಳು, ಗಂಡನಿಲ್ಲ, ಕಾಲೇಜಿಗೆ ಹೋಗುವ ಶೋಭಾ ಎಂಬ ಒಬ್ಬಳೇ ಮಗಳು. ಕಾಶೆವ್ವ ಬೆಳಗಾವಿಗೆ ಹೋಗುವ ಬಸ್ಸಿಗೇ ಕಮಲಾಬಾಯಿ ಗೋಕಾಕದಲ್ಲಿ ಹತ್ತುತ್ತಿದ್ದಳು. ಮೊದಲ ಸೂಜಿಯಾದ ಮೇಲೆ ಇಬ್ಬರ ತೊಡೆಯ ಮೇಲೂ ಕೆಂಪಗೆ ಬಾವು ಎದ್ದಿತು. ನರ್ಸಬಾಯಿ ಅದನ್ನು ಪಟ್ಟಿ ಹಿಡಿದು ಅಳೆದು, ಮೈ ಎಚ್ಚರವಾದ ಹಾಗಿದೆ ಎಂದಾಗ, ಇಬ್ಬರೂ ಪರೀಕ್ಷೆ ಪಾಸಾದ ಹುಡುಗಿಯರ ಹಾಗೆ ನಕ್ಕರು.

ಎರಡನೆಯ ತಿಂಗಳು ಸೂಜಿ ಚುಚ್ಚಿಸಿಕೊಂಡು ಕೂತಿದ್ದ ಕಮಲಾಬಾಯಿಯ ಕಣ್ಣು ಬಾಜೂ ಟೇಬಲ್ಲಿನ ಮೇಲೆ ಬಿತ್ತು. ಕಾಶೆವ್ವನ ಪಾಳಿಗೆ ನರ್ಸಬಾಯಿ ಔಷಧ ತಯಾರಿಸುತ್ತಿದ್ದಳು. ಎರಡು ಸಿರಿಂಜುಗಳ ಬಾಯಿಗೆ ಬಾಯಿ ಜೋಡಿಸಿ, ಒಳಗಿದ್ದುದನ್ನು ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ತಳ್ಳುತ್ತಿದ್ದಳು. ತಿಳಿನೀರಿನಂತಿದ್ದದ್ದು ಬರಬರುತ್ತ ಬೆಳ್ಳಗೆ ಗಟ್ಟಿಯಾಯಿತು. ಗಿರಣಿಯವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

"ಅದರಾಗ ಎಣ್ಣಿ ಐತಿ. ಯಾವ ಎಣ್ಣಿರಿ ಅದು?"

ನರ್ಸಬಾಯಿ ಡಾಕ್ಟರ ಮುಖ ನೋಡಿದಳು. ಡಾಕ್ಟರು ಬಾಟಲಿ ತಿರುಗಿಸಿ ನೋಡಿದರು. "ಔಷಧ ಮೈಯಾಗ ಸಾವಕಾಶ ಇಳೀಲಿ ಅಂತ ಎಣ್ಣಿಯೊಳಗ ಕಲಸತೇವ್ರಿ. ಯಾವುದರಿಂದ ತಗದದ್ದು ಅಂತ ನನಗೂ ಗೊತ್ತಿಲ್ಲ. ಕಂಪನಿಗೆ ಬರದು ಕೇಳತೇನಿ."

ತಿರುಗಿ ಬರುವಾಗ ಬಸ್ಸಿನಲ್ಲಿ ಕಾಶೆವ್ವ ಸಿಡಿದೇಳಲು ತಡವಾಗಲಿಲ್ಲ. "ಯಾಕ ಬೇಕಾಗಿತ್ತ ಕಮಲಕ್ಕ ನಿನಗ? ಕಣ್ಣ ಮುಚ್ಚಿ ತಗೊಂಡ ಬಂದಿದ್ರ ಆಗತಿತ್ತಲ್ಲ? ನಾಳೆ ಏನರ ಹೊಲಸ ಐತಿ ಅಂದ್ರ ಏನ ಮಾಡೂನು? ನನಗ ಬದಕೂದೈತಿ."

"ನನಗೂ ಐತಿ," ಎಂದಳು ಕಮಲಾಬಾಯಿ. "ಆದ್ರ ಕೇಳಲಾರದ ನನಗ ನಿದ್ದಿ ಹತ್ತೂದಿಲ್ಲ."

ಮೂರನೆಯ ಸೂಜಿಯ ದಿನ ಡಾಕ್ಟರು ಇಬ್ಬರನ್ನೂ ಕೂಡಿಸಿಕೊಂಡು ಬಾಗಿಲು ಹಾಕಿದರು. ಸುತ್ತಿ ಬಳಸಿ ಹೇಳಲಿಲ್ಲ. "ಎಣ್ಣಿ ಮತ್ತ ನೀರು ಕೂಡಾಕ ಹಾಕೂ ಒಂದು ಪದಾರ್ಥ ದನದ ಚರಬಿಯಿಂದ ಮಾಡಿದ್ದಂತ. ಗಿಡದ್ದು ತಯಾರ ಮಾಡಾಕತ್ತಾರ, ಅದು ಬರಾಕ ಎರಡು ವರ್ಷ ಬೇಕು. ನಿಮಗ ಅಷ್ಟು ಯಾಳೆ ಇಲ್ಲ. ಆಪರೇಷನ್ ಆಗಿ ಒಂದೂವರಿ ವರ್ಷದೊಳಗ ಆರೂ ಸೂಜಿ ಮುಗೀಬೇಕು." ಕಂಪನಿಯ ಪತ್ರವನ್ನು ಅವರ ಮುಂದಿಟ್ಟು, "ನಮ್ಮ ಮನ್ಯಾಗೂ ಯಾರೂ ತಿನ್ನೂದಿಲ್ಲರಿ. ನಾ ಮೊದಲ ಕೇಳಬೇಕಾಗಿತ್ತು, ಕೇಳಲಿಲ್ಲ. ತಪ್ಪ ನಂದು" ಎಂದರು.

ಕಮಲಾಬಾಯಿಗೆ ಭಯವಾಯಿತು. ಸಾವಿನ ಭಯವೇ, ಬೇರೆ ಯಾವುದೂ ಅಲ್ಲ. ಈ ಸೂಜಿ ಬಿಟ್ಟರೆ ಅಂಥದ್ದು ಇನ್ನೊಂದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎರಡು ಸಲ ಅದು ಮೈಗೆ ಹೋಗಿಯೂ ಆಗಿತ್ತು. ಆದರೆ ಅರಿಯದೆ ಆದದ್ದು ಬೇರೆ, ಅರಿತೂ ತೊಡೆ ಒಡ್ಡುವುದು ಬೇರೆ. ಆ ಲೆಕ್ಕದಲ್ಲಿ ಅವಳಿಗೆ ಗೊಂದಲವಿರಲಿಲ್ಲ.

"ನಂದು ಎರಡಕ್ಕ ಮುಗೀತ್ರಿ ಡಾಕ್ಟ್ರ. ತಪಾಸಣಿಗೆ ಕರದಾಗ ಬರ್ತೇನಿ. ಒಂದ ಮಾತು ನಡಸಿ ಕೊಡ್ರಿ. ಆ ಕಾಗದದ ಮೊದಲನೇ ಪುಟದಾಗ ಇದನ್ನ ಕನ್ನಡದಾಗ ಬರಸ್ರಿ. ಬೇಕಾದವರು ತಗೋಲಿ, ಬ್ಯಾಡಾದವರು ಬಿಡ್ಲಿ. ತಿಳದು ಮಾಡ್ಲಿ."

ಬರೆಸುತ್ತೇನೆ ಎಂದರು ಡಾಕ್ಟರು. ಬರೆಸಿದರು ಕೂಡ, ಮೇಲಿನವರ ಒಪ್ಪಿಗೆ ಪಡೆಯಲು ಎರಡು ತಿಂಗಳು ಓಡಾಡಿ ಬರೆಸಿದರು.

ಆ ದಿನ ಅದೇ ಕೋಣೆಯಲ್ಲಿ ಕಾಶೆವ್ವ ಎದ್ದು ನಿಂತಳು. ಯಾರ ಮುಖವನ್ನೂ ನೋಡದೆ, "ನನಗ ಹಾಕ್ರಿ" ಎಂದಳು. "ನಮ್ಮ ಶೋಭಾಗ ನನ್ನ ಬಿಟ್ರ ಯಾರೂ ಇಲ್ಲ."

ತಿರುಗಿ ಬರುವ ಬಸ್ಸಿನಲ್ಲಿ ಅವಳು ಕಮಲಾಬಾಯಿಯ ಪಕ್ಕಕ್ಕೆ ಬರಲಿಲ್ಲ. ನಾಲ್ಕು ಸೀಟು ಹಿಂದೆ, ಕಿಟಕಿಗೆ ಮುಖ ಮಾಡಿ ಕೂತಳು. ಕಮಲಾಬಾಯಿ ನಿಂತವರನ್ನು ಸರಿಸಿ, ಕೋಳಿಬುಟ್ಟಿಯವನನ್ನು ದಾಟಿ, ಹೋಗಿ ಅವಳ ಬಾಜೂಕೇ ಕೂತಳು.

"ದೂರ ಕೂಡು ಕಮಲಕ್ಕ. ಗೊತ್ತಿದ್ದ ಗೊತ್ತಿದ್ದ ತಗೊಂಡೇನಿ ನಾ. ಇನ್ನ ನಮ್ಮ ಮನ್ಯಾಗ ನೀ ನೀರರ ಕುಡೀತಿಯೇನು?"

ಗೋಕಾಕ ಬಂತು, ಕಮಲಾಬಾಯಿ ಇಳಿಯಲಿಲ್ಲ. ಕಂಡಕ್ಟರನಿಗೆ ಮೂಡಲಗಿಯ ತಿಕೀಟು ಕೇಳಿದಳು. ಕಾಶೆವ್ವನ ಹಿಂದೆಯೇ ನಡೆದು ಅವಳ ಮನೆಯ ಹೊಸ್ತಿಲು ದಾಟಿ, ಪಡಸಾಲೆಯ ಚಾಪೆಯ ಮೇಲೆ ಕೂತಳು. ಹೊರಗೆ ಬಿಸಿಲು ಕೆಂಪಗಾಗಿ ಎದುರು ಮನೆಯ ಮಾಳಿಗೆ ಏರಿತ್ತು.

"ಏನ ನೋಡಾಕತ್ತೀ? ಲಗೂನ ನೀರ ತಾ. ಹೊತ್ತ ಮುಳಗಿದ ಮ್ಯಾಲೆ ನಾ ಕುಡ್ಯಾಂಗಿಲ್ಲ, ಗೊತ್ತಿಲ್ಲೇನು?"

ಕಾಶೆವ್ವ ಅಳುತ್ತಲೇ ತಂಬಿಗೆ ತಂದಳು. ಕಮಲಾಬಾಯಿ ಚೀಲದಿಂದ ಬಿಳಿ ಅರಿವೆ ತೆಗೆದು, ಯಾರ ಮನೆಯಲ್ಲಾದರೂ ಸೋಸುವ ಹಾಗೆಯೇ ಸೋಸಿ, ತಂಬಿಗೆ ಪೂರ್ತಿ ಕುಡಿದಳು.

"ನಾಕನೇದ್ದು ಯಾವ ತಾರೀಖಿಗೆ ಐತಿ ನಿಂದು?" ಎಂದು ಕೇಳಿದಳು. "ನಾನೂ ಬರ್ತೇನಿ. ನೀ ಒಬ್ಬಾಕಿ ಹೋದ್ರ ಅವರನ್ನ ಏನೂ ಕೇಳಾಂಗಿಲ್ಲ."