ಅಬಿದಾಳ ಕುರ್ಚಿಯೂ ಕೀಲಿಮಣೆಯ ಟ್ರೇಯೂ

ಅಬಿದಾಳನ್ನು ನಾನು ಮೊದಲ ಸಲ ಕಂಡದ್ದು ನಿವೃತ್ತನಾದ ವರ್ಷದ ಶ್ರಾವಣದಲ್ಲಿ. ಬಸವನ ಬಾಗೇವಾಡಿಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸ ಮುಗಿಸಿ ಮುದ್ದೇಬಿಹಾಳದಲ್ಲಿ ಮನೆ ಮಾಡಿದ್ದೆ. ಇಂಗಳೇಶ್ವರದ ಕಡೆಯ ರೈತರು ತಮ್ಮ ಹೊಲಗಳಿಗೆ ಇಟ್ಟುಕೊಂಡ ಹೆಸರುಗಳನ್ನು ಕುರಿತು ಒಂದು ಲೇಖನ ಬರೆದಿದ್ದೆ. ಪತ್ರಿಕೆಯವರು ಕೈಬರಹ ಬೇಡ, ಟೈಪ್ ಮಾಡಿಸಿ ಕಳುಹಿಸಿರಿ ಎಂದಿದ್ದರು. ತಹಶೀಲ್ದಾರ ಕಚೇರಿಯ ಎದುರಿನ ಅಂಗಡಿಗಳ ಸಾಲಿನಲ್ಲಿ ವಿಚಾರಿಸಿದಾಗ ಎಲ್ಲರೂ ಒಂದೇ ಅಂಗಡಿಯ ಕಡೆಗೆ ಕೈ ತೋರಿಸಿದರು.

ಹೊರಗೆ ಜೆರಾಕ್ಸ್ ಯಂತ್ರ. ಒಳಗೆ ಎತ್ತರವಾದ ಹಳೆಯ ಸಾಗುವಾನಿ ಮೇಜು, ಅದರ ಮೇಲೆ ಕಂಪ್ಯೂಟರ್. ಮೇಜಿನ ಹಿಂದೆ ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಕುಳಿತಿದ್ದಳು. ನನ್ನನ್ನು ಕಂಡವಳೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಮೇಜಿನ ಕೆಳಗೆ ಆಕೆಯ ಕಾಲುಗಳು ಚಪ್ಪಲಿಗಾಗಿ ತಡಕಾಡುತ್ತಿದ್ದವು. ಆಮೇಲೆ ಎದ್ದು ನಿಂತು, "ಬರ್ರಿ ಸರ" ಎಂದಳು. ನಾನು ಮಾಸ್ತರನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನನ್ನ ಕೈಯಲ್ಲಿದ್ದ ಕೊಡೆ, ಜೇಬಿನಲ್ಲಿದ್ದ ಎರಡು ಪೆನ್ನು ಹೇಳಿರಬೇಕು.

ಹಾಳೆಯ ಮೇಲೆ ಕಣ್ಣಿಟ್ಟು, ಪ್ರತಿ ಸಾಲನ್ನೂ ತುಟಿಯಲ್ಲೇ ಓದಿಕೊಂಡು ಆಕೆ ಟೈಪ್ ಮಾಡುತ್ತಿದ್ದಳು. ಒಂದು ಕಡೆ ಕೈ ನಿಂತಿತು. 'ಅತ್ತಿ ಅಳಿಸಿದ ಹೊಲ', ಅಂದರೆ ಅತ್ತೆಯನ್ನು ಅಳುವಂತೆ ಮಾಡಿದ ಹೊಲ, ಎಂಬ ಹೆಸರು ಅಲ್ಲಿತ್ತು.

"ಈ ಹೊಲ ಇನ್ನೂ ಐತೇನ್ರಿ ಸರ?" ಎಂದು ಕೇಳಿದಳು.

ಇದೆ ಎಂದೆ. ಒಮ್ಮೆ ಹೋಗಿ ನೋಡಿಬರಬೇಕು ಎಂದು ನಗದೆ ಹೇಳಿ ಮುಂದಿನ ಸಾಲಿಗೆ ಹೋದಳು. ಅಂದಿನಿಂದ ನನ್ನ ಬರಹವೆಲ್ಲ ಅವಳ ಕೈಯಿಂದಲೇ ಅಚ್ಚಿಗೆ ಹೋಗತೊಡಗಿತು.

ಹೋಗಿ ಬರುತ್ತ ಅವಳ ಸಂಗತಿಯೂ ತಿಳಿಯಿತು. ತವರು ಸಿಂದಗಿ. ತಂದೆ ಬಾಬುಲಾಲ ಅಲ್ಲಿಯ ಮಾರುಕಟ್ಟೆಯ ದಲಾಲಿಯ ಅಡತಿ ಅಂಗಡಿಯೊಂದರಲ್ಲಿ ಮುನೀಮ. ಗಾದಿಯ ಮೇಲೆ ಕಾಲು ಮಡಚಿ ಕುಳಿತು, ಮುಂದೆ ಒಂದು ಗಿಡ್ಡ ಡೆಸ್ಕು ಇಟ್ಟುಕೊಂಡು ಜೀವಮಾನವಿಡೀ ಲೆಕ್ಕ ಬರೆದವರು. ಸಂಜೆ ಶಾಲೆ ಬಿಟ್ಟ ಮೇಲೆ ಅಬಿದಾ ಅದೇ ಗಾದಿಯ ತುದಿಯಲ್ಲಿ ಕುಳಿತು ಅಭ್ಯಾಸ ಮಾಡುತ್ತಿದ್ದಳು. ಮುಂದೆ ಕಂಪ್ಯೂಟರ್ ಕಲಿತಳು. ಮುದ್ದೇಬಿಹಾಳದ ಆಟೋ ಚಾಲಕ ಮೈಬೂಬನನ್ನು ಮದುವೆಯಾಗಿ ಬಂದು ಈ ಅಂಗಡಿ ಹಾಕಿದಳು. ಅರ್ಜಿ, ಬಾಡಿಗೆ ಕರಾರು, ಲಗ್ನಪತ್ರಿಕೆ, ಮಠದ ಕರಪತ್ರ ಎಲ್ಲವೂ ಅಲ್ಲಿಗೇ ಬರುತ್ತಿದ್ದವು. ತಂಗಡಗಿಯ ಜನ ಬಸ್ಸಿನಿಂದ ಇಳಿದವರೇ ಮೊದಲು ಅವಳ ಅಂಗಡಿಗೆ ಬಂದು, ಬಾಯಿಮಾತಿನಲ್ಲಿ ತಮ್ಮ ತೊಂದರೆ ಹೇಳುತ್ತಿದ್ದರು. ಅವಳು ಕೇಳಿ ಕೇಳಿ ಅದನ್ನು ಅರ್ಜಿಯ ಭಾಷೆಗೆ ತರುತ್ತಿದ್ದಳು. ಹಾಗೆ ತಂದ ಅರ್ಜಿಯಲ್ಲಿ ಹೇಳಿದವರ ದನಿ ಉಳಿದಿರುತ್ತಿತ್ತು. ಅವಳ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ ಗುಣ ಅದು.

ಎರಡು ವರ್ಷದ ಹಿಂದೆ ಅವಳ ಬಲಗೈಯ ಮಣಿಕಟ್ಟು ನೋಯತೊಡಗಿತು. ಬೆರಳುಗಳಲ್ಲಿ ಜೋಮು. ರೊಟ್ಟಿ ಬಡಿಯಲಾಗದೆ ಆ ಕೆಲಸ ಅತ್ತೆಯ ಪಾಲಿಗೆ ಬಂದಾಗ ಮನೆಯಲ್ಲಿ ಮಾತು ಶುರುವಾಯಿತು. ವಿಜಯಪುರದ ಎಲುಬಿನ ವೈದ್ಯರು ನೋಡಿ, ಮಣಿಕಟ್ಟಿಗೆ ಪಟ್ಟಿ ಹಾಕಿ, ಮೇಜು ಬಹಳ ಎತ್ತರ, ಕೀಲಿಮಣೆ ಮೊಣಕೈಯ ಮಟ್ಟಕ್ಕೆ ಇಳಿಯಬೇಕು, ಮಣಿಕಟ್ಟು ಬಾಗಬಾರದು ಎಂದರು. ಹೀಗೆಯೇ ನಡೆದರೆ ರಂಜಾನಿನ ಹೊತ್ತಿಗೆ ಟೈಪ್ ಮಾಡುವುದನ್ನೇ ಬಿಡಬೇಕಾದೀತು ಎಂದೂ ಹೇಳಿದರು.

ಮೈಬೂಬ ಒಳ್ಳೆಯ ಮನುಷ್ಯ. ಟೈಪಿಂಗ್ ಬಿಟ್ಟು ಬರೀ ಜೆರಾಕ್ಸ್ ಅಂಗಡಿ ಮಾಡೋಣ, ನಿನ್ನ ಕೈ ಉಳಿದರೆ ಸಾಕು ಎಂದ. ಅದನ್ನು ನನಗೆ ಹೇಳುವಾಗ ಅಬಿದಾ ಪರದೆಯ ಕಡೆಗೇ ನೋಡುತ್ತಿದ್ದಳು.

"ಜೆರಾಕ್ಸ್ ಬಟನ್ ಒತ್ತಾಕ ನಾನ ಯಾಕ ಬೇಕ್ರಿ ಸರ? ಯಾರರೆ ಒತ್ತತಾರ."

ಮೇಜಿನ ಕಾಲು ಕೊಯ್ದು ಗಿಡ್ಡ ಮಾಡೋಣವೆಂದು ಬಡಿಗ ಮಡಿವಾಳಪ್ಪ ಹೇಳಿದ. ಆದರೆ ಎದುರು ಬದಿಗೆ ಜನ ನಿಂತುಕೊಂಡೇ ಸಹಿ ಮಾಡುತ್ತಿದ್ದರು. ಅವರಿಗೆ ಆ ಎತ್ತರ ಬೇಕಿತ್ತು. ಕುರ್ಚಿಗೆ ದಿಂಬು ಹಾಕಿ ಎತ್ತರ ಮಾಡಿದರೆ ಪರದೆ ಕೆಳಗಾಗಿ ಕುತ್ತಿಗೆ ನೋಯುತ್ತಿತ್ತು. ಉಳಿದದ್ದು ಒಂದೇ ದಾರಿ: ಮೇಜಿನ ಕೆಳಗೆ ಜೋಡಿಸಿ, ಬೇಕಾದಾಗ ಹೊರಗೆ ಎಳೆದುಕೊಳ್ಳುವ ಕೀಲಿಮಣೆಯ ಟ್ರೇ.

ಮೈಬೂಬ ಮೊಬೈಲಿನಲ್ಲಿ ಬಗೆಬಗೆಯ ಟ್ರೇಗಳನ್ನು ತೋರಿಸಿದ. ಒಂದರಲ್ಲಿ ಮೌಸಿಗೆ ಜಾಗವಿರಲಿಲ್ಲ. ಒಂದು ಮುಂದೆ ಬರುತ್ತಿತ್ತು, ಕೆಳಗೆ ಇಳಿಯುತ್ತಿರಲಿಲ್ಲ. ಮತ್ತೊಂದು ಉಕ್ಕಿನ ತೋಳಿನ ಮೇಲೆ ನಿಂತು ಮೇಲೆ ಕೆಳಗೆ ಸರಿಯುತ್ತಿತ್ತು, ಬೇಕಾದ ಕಡೆ ಓರೆಯೂ ಆಗುತ್ತಿತ್ತು. ಅಬಿದಾ ನನ್ನ ಮುಖ ನೋಡಿದಳು. ವೈದ್ಯರ ಚೀಟಿಯನ್ನು ಇನ್ನೊಮ್ಮೆ ಓದಿಕೊಂಡು, ನಾನು ಕೊನೆಯದಕ್ಕೆ ಬೆರಳು ಇಟ್ಟೆ.

ಅದು ಬಂದ ದಿನ ಮಡಿವಾಳಪ್ಪ ಟೇಪು ಹಿಡಿದು ಬಂದ. ನಾನೂ ಇದ್ದೆ, ಮೈಬೂಬನೂ ಇದ್ದ. "ಅಕ್ಕಾರ, ನೆಟ್ಟಗ ಕೂಡ್ರಿ" ಎಂದು ಮಡಿವಾಳಪ್ಪ ಹೇಳಿದ. ಅಬಿದಾ ಚಪ್ಪಲಿ ಮೆಟ್ಟಿದ ಪಾದಗಳನ್ನು ನೆಲದ ಮೇಲೆ ಜೋಡಿಸಿ, ಸೆರಗು ಸರಿಮಾಡಿ ಕುಳಿತಳು. ನೆಲದಿಂದ ಮೊಣಕೈ, ತೊಡೆಯಿಂದ ಮೇಜು, ಎಲ್ಲ ಅಳತೆಯೂ ಆಯಿತು. ಟ್ರೇ ಕೂಡಿಸಿದಾಗ ಅವಳ ಕೈ ಹೂವಿನ ದಂಟಿನ ಹಾಗೆ ನೇರವಾಗಿ ಕೀಲಿಗಳ ಮೇಲೆ ನಿಂತಿತು. ನಮಗೆಲ್ಲ ಸಮಾಧಾನವಾಯಿತು. ಅವಳು ಚಹಾ ತರಿಸಿದಳು.

ಆಮೇಲೆ ಹೋದಾಗಲೆಲ್ಲ ಟ್ರೇ ಹೇಗಿದೆ ಎಂದು ಕೇಳುತ್ತಿದ್ದೆ. ಛಲೋ ಐತ್ರಿ ಎನ್ನುತ್ತಿದ್ದಳು. ಆದರೆ ಮಣಿಕಟ್ಟಿನ ಪಟ್ಟಿ ಬಿಚ್ಚಿರಲಿಲ್ಲ. ಬದಲಿಗೆ ಎಡಗೈಗೂ ಒಂದು ಪಟ್ಟಿ ಬಂತು. ಲಗ್ನಪತ್ರಿಕೆಯ ಕೆಲಸವನ್ನು ಬೇರೆ ಅಂಗಡಿಗೆ ಕಳುಹಿಸತೊಡಗಿದಳು.

ಒಂದು ಮಧ್ಯಾಹ್ನ ಇಂಡಿ ಊರಿನಿಂದ ಬಸ್ಸಿನಲ್ಲಿ ಬಂದವನು, ಮನೆಗೆ ಹೋಗುವ ಮುನ್ನ ಕೊಡೆಯನ್ನು ಅಂಗಡಿಯಲ್ಲಿ ಬಿಟ್ಟಿದ್ದೆನೇನೋ ಎಂದು ನೋಡಲು, ಬಸ್ ನಿಲ್ದಾಣಕ್ಕೆ ಹತ್ತಿರವಾದ ಹಿಂದಿನ ಬಾಗಿಲಿನಿಂದ ಒಳಗೆ ಬಂದೆ. ಅಬಿದಾ ನನ್ನ ಕಡೆಗೆ ಬೆನ್ನು ಮಾಡಿ ಕೆಲಸದಲ್ಲಿ ಮುಳುಗಿದ್ದಳು. ಎರಡೂ ಕಾಲುಗಳನ್ನು ಕುರ್ಚಿಯ ಮೇಲೆ ಮಡಚಿಟ್ಟು ಚಕ್ಕಳಮಕ್ಕಳ ಕುಳಿತಿದ್ದಳು. ಚಪ್ಪಲಿಗಳು ಮೇಜಿನ ಕೆಳಗೆ ಬೇರೆ ಬೇರೆ ದಿಕ್ಕಿಗೆ ಬಿದ್ದಿದ್ದವು. ಟ್ರೇ ಒಳಗೆ ಸರಿದಿತ್ತು. ಅದರ ಮೇಲೆ ಗೋಂದಿನ ಬಾಟಲಿ, ಶಾಯಿಯ ಪ್ಯಾಡು. ಕೀಲಿಮಣೆ ಮತ್ತೆ ಮೇಜಿನ ಮೇಲೆ ಏರಿತ್ತು. ಅದನ್ನು ಮುಟ್ಟಲು ಅವಳ ಭುಜಗಳು ಕಿವಿಯವರೆಗೆ ಎದ್ದಿದ್ದವು.

ನಾನು ಕೆಮ್ಮಿದೆ. ಕಾಲುಗಳು ಥಟ್ಟನೆ ಕೆಳಗೆ ಇಳಿದು ಚಪ್ಪಲಿ ಹುಡುಕಿದವು. ಮೊದಲ ದಿನ ಕಂಡದ್ದು ಆಗ ನೆನಪಿಗೆ ಬಂತು.

ಟ್ರೇ ಸರಿಯಿಲ್ಲವೇ ಎಂದು ಕೇಳಿದೆ.

"ಅದರಾಗ ಏನೂ ತಪ್ಪಿಲ್ರಿ. ಮೊಣಕಾಲಿಗೆ ಬಡೀತೈತಿ, ಅಷ್ಟ."

"ಕಾಲು ನೆಲದ ಮ್ಯಾಲ ಇದ್ರ ಮೊಣಕಾಲಿಗೆ ಹೆಂಗ ಬಡೀತೈತವ್ವಾ?"

ಅವಳು ಗೋಂದಿನ ಬಾಟಲಿಯ ಮುಚ್ಚಳ ತಿರುಗಿಸತೊಡಗಿದಳು.

"ನೆಲದ ಮ್ಯಾಲ ಇರಂಗಿಲ್ರಿ. ಕಾಲು ಇಳಿಬಿಟ್ಟು ಕುಂತ್ರ ನನಗ ಬಸ್ ಸ್ಟ್ಯಾಂಡಿನಾಗ ಕುಂತಂಗ ಆಗ್ತೈತಿ. ಕೆಲಸದಾಗ ಮನಸ ಕೂಡಂಗಿಲ್ಲ. ಅಪ್ಪನ ಗಾದಿ ಮ್ಯಾಲ ಕುಂತು ಕಲ್ತಾಕಿ ನಾ."

"ಮತ್ತ ಅಳತಿ ತಗೊಳ್ಳುಮುಂದ ಹೇಳಬೇಕಿಲ್ಲೇನು?"

"ನಿಮ್ಮ ಮುಂದ ಕುರ್ಚಿ ಮ್ಯಾಲ ಕಾಲು ಮಡಚಿ ಹೆಂಗ ಕೂಡ್ಲಿ ಸರ? ಮ್ಯಾಲ ಅದು ನೀವು ಆರಿಸಿದ್ದು."

ಈ ಕಡೆಯ ಮನೆಗಳಲ್ಲಿ ಬೆಳೆದ ಯಾರೂ ಬೇರೆ ಮಾತು ಆಡುತ್ತಿರಲಿಲ್ಲ. ಹಿರಿಯರು ಬಂದಾಗ ಕಾಲು ಕೆಳಗೆ ಇಳಿಯಬೇಕು. ಅದು ಅವಳಿಗೆ ಉಸಿರಾಡಿದಷ್ಟು ಸಹಜ. ಅಳತೆ ಹಿಡಿಯುವಾಗ ನಾವು ಮೂವರು ಗಂಡಸರು ಅಲ್ಲಿ ನಿಂತಿದ್ದೆವು. ನಮ್ಮೆದುರಿಗೆ ಕುಳಿತ ಅಬಿದಾ ಬೇರೆ, ಕೆಲಸ ಮಾಡುವ ಅಬಿದಾ ಬೇರೆ. ಟ್ರೇ ಮೊದಲನೆಯವಳಿಗೆ ಸರಿಯಾಗಿತ್ತು.

ಅಷ್ಟರಲ್ಲಿ ಮೈಬೂಬ ಆಟೋ ನಿಲ್ಲಿಸಿ ಒಳಗೆ ಬಂದ. ವಿಷಯ ಕೇಳಿ ತಲೆ ಕೆರೆದುಕೊಂಡ. "ಮನ್ಯಾಗ ಟಿವಿ ಮುಂದನೂ ಹಿಂಗ ಕೂಡತಾಳ್ರಿ ಸರ. ದಿನಾ ನೋಡ್ತೇನಿ. ಅದೂ ಅಳತಿಯಾಗ ಬರ್ತೈತಿ ಅಂತ ನನಗ ಹೊಳೀಲಿಲ್ಲ" ಎಂದ.

ಮಡಿವಾಳಪ್ಪನನ್ನು ಮತ್ತೆ ಕರೆಸಿದೆವು. ಅಬಿದಾ ಬಹಳ ಹೊತ್ತು ಒಪ್ಪಲಿಲ್ಲ. ಕೊನೆಗೆ ನಾನು ನನ್ನ ಕುರ್ಚಿಯನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡು, ಬೆನ್ನು ಮಾಡಿ ಕುಳಿತೆ. ಎದುರಿಗೆ ತಹಶೀಲ್ದಾರ ಕಚೇರಿಯ ಗೇಟು, ಬೇವಿನ ಮರ, ಸಾಲಾಗಿ ನಿಂತ ಮೋಟರ್‌ಸೈಕಲ್ಲುಗಳು. ಹಿಂದೆ ಚಪ್ಪಲಿ ಕಳಚಿದ ಸದ್ದು, ಆಮೇಲೆ ಟೇಪು ಎಳೆದ ಸದ್ದು ಕೇಳಿಸಿತು.

"ಈಗ ಖರೇ ಅಳತಿ ಸಿಕ್ತು ನೋಡ್ರಿ ಅಕ್ಕಾರ. ಆವತ್ತು ನಾ ಫೋಟೋಕ್ಕ ಕುಂತವರ ಅಳತಿ ತಗೊಂಡಿದ್ನಿ" ಎಂದ ಮಡಿವಾಳಪ್ಪ.

ಅಬಿದಾ ನಕ್ಕದ್ದು ಕೇಳಿಸಿತು. ಆಮೇಲೆ ಅವಳೇ ಮಾತಾಡತೊಡಗಿದಳು. ಅಪ್ಪನ ಗಾದಿ ಅಗಲವಾಗಿತ್ತು, ಮೊಣಕಾಲುಗಳು ಎರಡೂ ಬದಿಗೆ ಚಪ್ಪಟೆಯಾಗಿ ಬೀಳುತ್ತಿದ್ದವು, ಈ ಕುರ್ಚಿಯ ಕೈಗಳು ತೊಡೆಯನ್ನು ಒತ್ತಿ ಮೊಣಕಾಲನ್ನು ಮೇಲಕ್ಕೆ ಎಬ್ಬಿಸುತ್ತವೆ ಎಂದಳು. ಟ್ರೇಯ ಹಲಗೆ ತೊಂದರೆ ಕೊಡುತ್ತಿರಲಿಲ್ಲ, ಅದರ ಕೆಳಗೆ ಜೋತಾಡುವ ಉಕ್ಕಿನ ತೋಳು ಬಡಿಯುತ್ತಿತ್ತು. ಇಷ್ಟು ದಿನ ಬಾಯಿಗೆ ಬಾರದ ಮಾತೆಲ್ಲ, ನನ್ನ ಬೆನ್ನು ಅವಳ ಕಡೆಗಿದ್ದಾಗ ಸರಾಗವಾಗಿ ಬಂತು.

ಹೊಸ ಟ್ರೇ ಕೊಳ್ಳಲಿಲ್ಲ. ಇದ್ದ ಹಲಗೆಯನ್ನೇ ತೋಳಿನಿಂದ ಬಿಚ್ಚಿ, ಮೇಜಿನ ಎರಡೂ ಬದಿಗೆ ಅವಳ ಮೊಣಕೈಯ ಮಟ್ಟದಲ್ಲಿ ಕಬ್ಬಿಣದ ಪಟ್ಟಿ ಜೋಡಿಸಿ, ಅದರ ಮೇಲೆ ಸರಿಯುವಂತೆ ಮಡಿವಾಳಪ್ಪ ಮಾಡಿದ. ಕೆಳಗೆ ಏನೂ ಇಲ್ಲದೆ ಬಯಲು. ಕುರ್ಚಿಯನ್ನು ತೆಗೆದು, ಅಷ್ಟೇ ಎತ್ತರದ ಅಗಲವಾದ ಬೆಂಚು ಮಾಡಿ, ಮೇಲೆ ಅರಳೆಯ ಸಣ್ಣ ಗಾದಿ ಹಾಸಿದರು. ಆ ಕೈಯಿದ್ದ ಕುರ್ಚಿ ಈಗ ಬಂದವರು ಕೂಡುವ ಕುರ್ಚಿ.

ರಂಜಾನ್ ಮುಗಿದ ಮೇಲೆ ಗಂಡ ಹೆಂಡತಿ ವಿಜಯಪುರಕ್ಕೆ ಹೋಗಿ ಬಂದರು. ಕೆಲಸ ಬಿಡುವ ಅಗತ್ಯವಿಲ್ಲವೆಂದು ವೈದ್ಯರು ಹೇಳಿದರಂತೆ. ಕಾಲು ಮಡಚಿ ಬಹಳ ಹೊತ್ತು ಕೂಡಬೇಡ, ನಡುನಡುವೆ ಎದ್ದು ಓಡಾಡು ಎಂದದ್ದಕ್ಕೆ, ಆ ಕೆಲಸವನ್ನು ಜೆರಾಕ್ಸ್ ಯಂತ್ರ ಮಾಡಿಸುತ್ತದೆ ಎಂದು ಇವಳು ಹೇಳಿ ಬಂದಳು.

ಕೈ ಪೂರ್ತಿ ವಾಸಿಯಾಗಿಲ್ಲ. ಕೆಲಸ ಹೆಚ್ಚಾದ ದಿನ ಬಲಗೈಗೆ ಪಟ್ಟಿ ಬರುತ್ತದೆ. ರೊಟ್ಟಿ ಈಗಲೂ ಅತ್ತೆಯವೇ. ಆದರೆ ಅರ್ಜಿ, ಕರಾರು ಎಲ್ಲವನ್ನೂ ಅಬಿದಾಳೇ ಟೈಪ್ ಮಾಡುತ್ತಾಳೆ. ಬೇರೆ ಅಂಗಡಿಗೆ ಹೋದ ಲಗ್ನಪತ್ರಿಕೆಗಳೂ ತಿರುಗಿ ಬಂದಿವೆ. ಹೊಲದ ಹೆಸರುಗಳನ್ನೆಲ್ಲ ಸೇರಿಸಿ ಒಂದು ಪುಟ್ಟ ಪುಸ್ತಕ ಮಾಡಬೇಕೆಂದು ನಾನು ಹೊರಟಿದ್ದೇನೆ. ಅದನ್ನು ಬಿಡುವಾದಾಗ ಪುಟ ಪುಟವಾಗಿ ಮುಗಿಸುತ್ತಿದ್ದಾಳೆ.

ಮೊನ್ನೆ ಹೊಸ ಹಾಳೆಗಳನ್ನು ಕೊಡಲು ಹೋಗಿದ್ದೆ. ಹಳೆಯ ಕುರ್ಚಿಯ ಕಡೆಗೆ ಗದ್ದದಿಂದಲೇ ಸನ್ನೆ ಮಾಡಿ, "ಕೂಡ್ರಿ ಸರ, ಈ ಸಾಲು ಮುಗಸ್ತೇನಿ" ಎಂದಳು. ಕಾಲು ಮಾತ್ರ ಇಳಿಸಲಿಲ್ಲ.