ವೈನಿಗೆ ಡಾಕ್ಟರು ಕೇಳಿದ ಹೆಸರು

ಕೊಣ್ಣೂರಿನ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತರೆ ಈಗಲೂ ನಾನು ಕೈಯಲ್ಲಿದ್ದುದನ್ನು ಬಿಟ್ಟು ಅಡುಗೆಮನೆಗೆ ಓಡುತ್ತೇನೆ. ಅಂದು ಸದ್ದು ನಿಂತಾಗ ಬಾಗಿಲಲ್ಲೇ ಇದ್ದೆ. ಅಣ್ಣನ ಹೆಂಡತಿ, ನಮ್ಮ ವೈನಿ, ಎರಡೂ ಕೈಯಿಂದ ತಲೆ ಹಿಡಿದು, “ಯವ್ವಾ, ತಲಿ ಸಿಡ್ಯಾಕತ್ತೈತಿ” ಎಂದವಳೇ ಒಲೆಯ ಕಡೆಗೆ ವಾಲಿದಳು. ಸೆರಗು ಹಿಡಿದು ಈಚೆಗೆ ಎಳೆದುಕೊಂಡೆ. ಆ ಭಾರ ನನ್ನ ಕೈಗೆ ಇನ್ನೂ ನೆನಪಿದೆ.

ಗೋಕಾಕದಲ್ಲಿ ತಲೆಯ ಸ್ಕ್ಯಾನ್ ಮಾಡಿ ನೇರವಾಗಿ ಬೆಳಗಾವಿಗೆ ಕಳಿಸಿದರು. ಅಲ್ಲಿನ ಡಾಕ್ಟರು ಮೈಸೂರು ಕಡೆಯವರು, ಇಲ್ಲಿಗೆ ಹೊಸಬರು. ವೈನಿಯ ಮಿದುಳಿನಲ್ಲಿ ಹುಟ್ಟಿನಿಂದಲೇ ರಕ್ತನಾಳಗಳು ಒಂದಕ್ಕೊಂದು ಸಿಕ್ಕುಹಾಕಿಕೊಂಡು ಗಂಟಾಗಿದ್ದವಂತೆ; ಅದರಲ್ಲೊಂದು ಒಡೆದಿತ್ತು.

“ಮೊದಲಿನಂಗ ಆಗ್ತಾಳೋ ಇಲ್ಲೋ, ಅಷ್ಟ ಹೇಳ್ರಿ,” ಎಂದು ಅಣ್ಣ ಬೆನ್ನುಹತ್ತಿದ.

“ಅಂದಾಜು ಹೇಳಬಲ್ಲೆ, ಭರವಸೆ ಕೊಡಲಾರೆ,” ಎಂದರು ಡಾಕ್ಟರು. ವಯಸ್ಸು ಚಿಕ್ಕದು, ಸೋರಿದ ರಕ್ತ ಕಡಿಮೆ, ಕರೆದುಕೊಂಡು ಬಂದಾಗ ಕೂಗಿದರೆ ಕಣ್ಣು ತೆರೆಯುತ್ತಿದ್ದಳು, ಇವೆಲ್ಲ ಒಳ್ಳೆಯವು. ಆದರೆ ಸೋರಿದ್ದು ಮಾತಿನ ಜಾಗದ ಹತ್ತಿರ. ಮಾತು ಎಷ್ಟು ಮರಳುತ್ತದೋ ಕಾದು ನೋಡಬೇಕು.

ಕೆಲವು ದಿನಗಳ ಮೇಲೆ ವೈನಿ ಹೇಳಿದಂತೆ ಕೈ ಎತ್ತತೊಡಗಿದಳು. ಊರು ಯಾವುದೆಂದರೆ “ಕೊಣ್ಣೂರ” ಎಂದಳು. ನಾವು ಹಿಗ್ಗಿದೆವು.

“ನಿಮ್ಮ ಯಜಮಾನರ ಹೆಸರೇನಮ್ಮ?”

ವೈನಿ ತುಟಿ ಬಿಗಿದು ಗೋಡೆಯತ್ತ ತಿರುಗಿದಳು. ಮತ್ತೆ ಕೇಳಿದರೂ ಈಚೆಗೆ ತಿರುಗಲಿಲ್ಲ. ಡಾಕ್ಟರು ನನ್ನ ಕಡೆ ನೋಡಿ, “ಹೆಸರುಗಳು ಬರ್ತಿಲ್ಲ. ನಾನು ಅಂದುಕೊಂಡದ್ದಕ್ಕಿಂತ ನಿಧಾನ ಆಗಬಹುದು,” ಎಂದರು.

ಮಂಚದ ಬಳಿ ನಿಂತಿದ್ದ ಅವ್ವ ಮಾತ್ರ ನಕ್ಕೇಬಿಟ್ಟಳು. “ಅಯ್ಯ, ಡಾಕ್ಟರ್ ಸಾಹೇಬ್ರ! ಅತ್ತಿ ಇಲ್ಲೇ ನಿಂತೀನಿ, ಗಂಡ ಬಾಜೂಕ ನಿಂತಾನ. ಹಂಗ ಬರೇ ಹೆಸರ ಹೆಂಗ ಹೇಳ್ತಾಳ್ರಿ? ಒಡಪು ಹೇಳು ಅನ್ರಿ.”

ನಮ್ಮಲ್ಲಿ ಹೆಂಗಸರು ಗಂಡನ ಹೆಸರನ್ನು ಹಾಗೇ ಹೇಳುವುದಿಲ್ಲ, ಪ್ರಾಸದ ಎರಡು ಸಾಲು ಕಟ್ಟಿ ಅದರೊಳಗೆ ಸೇರಿಸುತ್ತಾರೆ ಎಂದು ನಾನು ವಿವರಿಸಿದೆ. ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ವೈನಿ ಬಹಳ ಹೊತ್ತು ಅಣ್ಣನನ್ನೇ ನೋಡಿದಳು.

“ಹೊಳಿ ದಂಡ್ಯಾಗ... ಬೆಳದೈತಿ ಕಬ್ಬು,” ಎಂದು ತಡೆದಳು. ಆಮೇಲೆ ಅಣ್ಣನ ಹೆಸರು ಹೇಳಿ, “...ರಾಯರ ಮಾರಿ ಯಾಕ ಇಷ್ಟ ಮಬ್ಬು?” ಎಂದು ಮುಗಿಸಿದಳು.

ಗಡ್ಡ ಬಿಟ್ಟು ನಿಂತಿದ್ದ ಅಣ್ಣ ಟವೆಲಿನಿಂದ ಮುಖ ಮುಚ್ಚಿಕೊಂಡ.

“ಇದು ಹಳೇದಲ್ರಿ, ಈಗ ಕಟ್ಟಿದ್ದು,” ಎಂದಳು ಅವ್ವ.

“ಹಾಗಾದರೆ ನನ್ನ ಅಂದಾಜನ್ನೂ ತಿದ್ದಬೇಕು,” ಎಂದು ಡಾಕ್ಟರು ನಕ್ಕರು.

ಆ ಗಂಟಿಗೆ ಆಮೇಲೆ ಆಪರೇಶನ್ ಆಯಿತು. ಬಲಗೈ ಬೆರಳುಗಳು ತುಸು ಮರಗಟ್ಟಿವೆ, ಅವಸರದಲ್ಲಿ ಕೆಲವು ಪದಗಳು ತಪ್ಪಿಸಿಕೊಳ್ಳುತ್ತವೆ. ಉಳಿದಂತೆ ವೈನಿ ವೈನಿಯೇ. ಮೊನ್ನೆ ತಪಾಸಣೆಗೆ ಹೋದಾಗ, ಗಂಟು ಪೂರ್ತಿ ಹೋಗಿದೆ, ಮತ್ತೆ ಸೋರುವ ಭಯ ತೀರಾ ಕಡಿಮೆ ಎಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳಿಗೆ ನಿದ್ದೆ ಹತ್ತಿತು. ಅಂಕಲಗಿ ದಾಟುವವರೆಗೂ ಅವಳ ಉಸಿರನ್ನೇ ನೋಡುತ್ತ ಕೂತಿದ್ದೆ.

ಕಣ್ಣು ಮುಚ್ಚಿಕೊಂಡೇ ಅಂದಳು: “ಏನ ಅಷ್ಟ ನೋಡಾಕತ್ತೀಯವಾ? ಸತ್ತಿಲ್ಲ ತಗೋ. ನೀನೂ ಒಂಚೂರು ಮಕ್ಕೋ.”

ಮಲಗಿದೆ. ಗೋಕಾಕ ಬಂದಾಗ ಅವಳೇ ಎಬ್ಬಿಸಿದಳು.