ಆರಿಂಚಿನ ಹೊಸ್ತಿಲು

ವಿಕ್ರೋಳಿಯ ಉಕ್ಕಿನ ಕಪಾಟಿನ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಡ್ರಾಫ್ಟ್ಸ್‌ಮನ್ ಆಗಿದ್ದ ಸಿದ್ದಲಿಂಗಪ್ಪನವರು ಎಳೆದ ಗೆರೆಗಳೆಲ್ಲ ನೆಟ್ಟಗಿನವು. ಕಪಾಟಿಗೆ ಸೊಂಟವಿಲ್ಲ, ಕೆನ್ನೆಯಿಲ್ಲ. ನಾಲ್ಕು ಮೂಲೆ, ಎರಡು ಬಾಗಿಲು, ಒಂದು ಹಿಡಿಕೆ. ಬೊಂಬಾಯಿಯ ಅರ್ಧ ಮದುವಣಗಿತ್ತಿಯರ ಸೀರೆಗಳು ತಮ್ಮ ಗೆರೆಗಳೊಳಗೇ ಮಡಚಿಕೊಂಡು ಕೂತಿವೆ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಕೇಳುವವರು ಇರಲಿಲ್ಲ. ಕಪಾಟಿನ ಮೇಲೆ ಕಂಪನಿಯ ಹೆಸರು, ಕೀಲಿಯ ಮೇಲೆ ನಂಬರು. ಗೆರೆ ಎಳೆದವನ ಹೆಸರು ನಕ್ಷೆಯ ಕೆಳಮೂಲೆಯ ಚೌಕದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಇರುತ್ತಿತ್ತು. ಆ ನಕ್ಷೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಆ ಕಪಾಟೂ ಅವರೇ ಬರೆದದ್ದು.

ಎಪ್ಪತ್ತೆರಡರ ಬೇಸಿಗೆಯಲ್ಲಿ ಗದಿಗೆಪ್ಪ ಬಂದ. ಅವರ ಊರಾದ ರಾಮದುರ್ಗದವನೇ, ಗೋರೆಗಾಂವ್‌ನ ಒಂದು ಸ್ಟುಡಿಯೋದ ಹಿಂದಿನ ಶೆಡ್ಡಿನಲ್ಲಿ ವೆಲ್ಡರ್.

"ಅಣ್ಣಾರ, ಒಂದ್ ಸಲ ಬರ್ರಿ. ಸೇಠ್‌ಗ ಮ್ಯಾಲ ಛತ್ತಿಲ್ಲದ ಕಾರು ಬೇಕಂತ, ಹೀರೋ ಹೀರೋಯಿನ್ ಕೂತು ಹಾಡಾಕ. ಫಾರೆನ್‌ದು ತರಸಾಕ ಪರ್ಮಿಟ್ ಸಿಗವಲ್ದು. ಅಲ್ಲಿ ಎಲ್ಲಾರೂ ಕಾರಿನ ಮಾರಿ ಬರೀತಾರ, ಎಲುಬು ಬರಿಯಾವ್ರು ಯಾರೂ ಇಲ್ಲ."

ಸಿದ್ದಲಿಂಗಪ್ಪನವರು ಜೀವಮಾನದಲ್ಲಿ ನಾಲ್ಕು ಸಲ ಟ್ಯಾಕ್ಸಿ ಹತ್ತಿದವರು, ಅದರಲ್ಲಿ ಎರಡು ಸಲ ಆಸ್ಪತ್ರೆಗೆ. ಆದರೂ ಅಂದಿನಿಂದ ಪ್ರತಿ ಭಾನುವಾರ ಗೆರೆ ಎಳೆಯುವ ಟಿ-ಸ್ಕ್ವೇರ್ ಪಟ್ಟಿಯನ್ನು ಬಂದೂಕಿನಂತೆ ಹೆಗಲಿಗೇರಿಸಿ, ದಾದರ್‌ನಲ್ಲಿ ಸೇತುವೆ ಹತ್ತಿಳಿದು ಲೋಕಲ್ ಬದಲಿಸಿ ಗೋರೆಗಾಂವ್ ಸೇರತೊಡಗಿದರು. "ಕಪಾಟಿಗಿ ಗಾಲಿ ಹಚ್ಚಾಕ ಹೊಂಟಾರ," ಎಂದು ಹೆಂಡತಿ ಕಾಶವ್ವ ಚಾಳಿನ ಹೆಂಗಸರಿಗೆ ಹೇಳಿದಳು. ಅವಳ ಮಾತು ತೀರ ಸುಳ್ಳಾಗಿರಲಿಲ್ಲ.

ಶೆಡ್ಡಿನಲ್ಲಿ ಟ್ಯಾಕ್ಸಿಯಾಗಿ ಓಡಿ ಸವೆದ ಒಂದು ಹಳೆಯ ಕಾರಿತ್ತು. ಅದರ ತಲೆ ಕೊಯ್ದು, ಮೂಗು ಉದ್ದ ಮಾಡಿ, ಕೆಂಪು ಬಳಿಯಬೇಕು. ಸಿದ್ದಲಿಂಗಪ್ಪನವರು ಅದನ್ನು ಎರಡು ಸುತ್ತು ಸುತ್ತಿ, "ಗದಿಗೆಪ್ಪ, ಕಪಾಟಿನ ಹಿಂದಿನ ತಗಡು ಬಿಚ್ಚಿದ್ರ ಏನಾಕ್ಕತಿ?" ಎಂದರು.

"ಅಡ್ಡಡ್ಡ ವಾಲ್ತೈತ್ರಿ. ಬಾಗ್ಲಾ ಕೂಡಂಗಿಲ್ಲ."

"ಇದರ ಛತ್ತೂ ಹಂಗ. ಮಳಿಗಿ ಇಟ್ಟದ್ದಲ್ಲ, ಮೈ ಹಿಡದು ನಿಲ್ಲಸಾಕ ಇಟ್ಟದ್ದು. ತಗದ್ರ ನಡಾ ಜೋಲಿ ಬೀಳ್ತೈತಿ. ಮ್ಯಾಲಿಂದು ಕಸಗೊಂಡ್ರ ತಳಕ್ಕ ಕೊಡಬೇಕು."

ಮೂರು ತಿಂಗಳು ಕೂತು ಅವರು ತಳಕ್ಕೆ ಕೊಟ್ಟರು. ಎರಡೂ ಬಾಗಿಲುಗಳ ಕೆಳಗೆ, ಮುಂದಿನ ಗಾಲಿಯಿಂದ ಹಿಂದಿನ ಗಾಲಿಯವರೆಗೆ, ಆರಿಂಚು ಎತ್ತರದ ಉಕ್ಕಿನ ಪೆಟ್ಟಿಗೆ. ಅದಕ್ಕೆ ಹೊಸ್ತಿಲು ಎಂದೇ ಹೆಸರಿಟ್ಟರು. ಟ್ರೇಸಿಂಗ್ ಕಾಗದದ ಮೇಲೆ ಇಂಕಿನಲ್ಲಿ ಬರೆದು ಮುಗಿಸಿದ ದಿನ, ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ, ತಮ್ಮ ನಕ್ಷೆಯನ್ನು ತಾವೇ ದೂರ ನಿಂತು ನೋಡಿದರು.

ನಿರ್ಮಾಪಕ ಲಖ್ಮನ್ ಸೇಠ್ ನೋಡಿದ್ದು ಹತ್ತಿರದಿಂದ. ಆರಿಂಚಿನ ಹೊಸ್ತಿಲಿನ ಮೇಲೆ ಬೆರಳಿಟ್ಟು ಹಿಂದಿಯಲ್ಲಿ ಕೇಳಿದರು: "ಮಾಸ್ಟರ್‌ಜಿ, ಸೀರೆ ಉಟ್ಟ ಹೀರೋಯಿನ್ ಇದನ್ನು ಹೇಗೆ ದಾಟುತ್ತಾಳೆ? ಏಣಿ ಇಡೋಣವೇ? ಎರಡಿಂಚು ಮಾಡಿ."

"ಎರಡಿಂಚಾದರೆ ಕಾರು ಬಾಗುತ್ತದೆ, ಸೇಠ್‌ಜಿ."

"ಹಾಡು ಮುಗಿಯುವತನಕ ಬಾಗದಿದ್ದರೆ ಸಾಕು. ಆಗದಿದ್ದರೆ ಹೇಳಿ, ನನ್ನ ಭಾಮೈದ ಬರೆಯುತ್ತಾನೆ. ಆಗುವುದಾದರೆ ಪರದೆಯ ಮೇಲೆ ನಿಮ್ಮ ಹೆಸರು ಬರುತ್ತದೆ. ಕಾರ್ ಡಿಸೈನ್ ಅಂತ."

ಟ್ರೇಸಿಂಗ್ ಕಾಗದದ ಮೇಲಿನ ಇಂಕು ರಬ್ಬರಿಗೆ ಬಗ್ಗುವುದಿಲ್ಲ, ಅರ್ಧ ಬ್ಲೇಡಿನಿಂದ ಕೆರೆದು ತೆಗೆಯಬೇಕು. ಸಿದ್ದಲಿಂಗಪ್ಪನವರು ಒಂದಿಡೀ ಭಾನುವಾರ ಕೆರೆದರು. ಕೆಳಮೂಲೆಯ ಚೌಕದಲ್ಲಿ ಹೊಸ ತಾರೀಖು ಹಾಕಿ, ಈ ಸಲ ತುಸು ದೊಡ್ಡ ಅಕ್ಷರದಲ್ಲಿ ಸಹಿ ಮಾಡಿದರು.

ಗದಿಗೆಪ್ಪ ಬರೆದಂತೆ ಬೆಸೆದ. ಮುಗಿದ ಮೇಲೆ ಕಪಾಟಿನವರ ಪರೀಕ್ಷೆ ಮಾಡಿದ. ಅದನ್ನು ಅವನಿಗೆ ಕಲಿಸಿದವರು ಸಿದ್ದಲಿಂಗಪ್ಪನವರೇ. ಕಪಾಟಿನ ಒಂದು ಕಾಲಿಗೆ ಇಟ್ಟಿಗೆ ಕೊಟ್ಟು ಬಾಗಿಲು ಹಾಕಿ ತೆಗೆಯುವುದು. ಕಾರಿನ ಒಂದು ಗಾಲಿಗೆ ಇಟ್ಟಿಗೆ ಕೊಟ್ಟು ಬಾಗಿಲು ಎಳೆದರೆ ಅದು ನರಳುತ್ತ ತೆರೆಯಿತು.

"ಅಣ್ಣಾರ, ಖಾಲಿ ಗಾಡಿನ ಹಿಂಗಂದ್ರ ಮಂದಿ ಕೂತ ಮ್ಯಾಲ ಹೆಂಗ? ಇನ್ನೂ ಬಣ್ಣಾ ಹಚ್ಚಿಲ್ಲ. ನಿಮ್ಮ ಆರಿಂಚಿನ ಹೊಸ್ತಿಲಾ ಹಾಕ್ತೀನಿ, ಹೂಂ ಅನ್ರಿ."

"ಇರ್ಲಿ ಬಿಡೋ ಮಾರಾಯ. ಏನ್ ಹುಬ್ಬಳ್ಳಿತನಕ ಓಡಸ್ತಾರೇನು? ಒಂದ್ ಹಾಡಿನ ಮಾತು."

ಶೂಟಿಂಗ್ ದಿನ ಹೀರೋ, ಹೀರೋಯಿನ್ ಕೂತರು. ಹಿಂದಿನ ಡಿಕ್ಕಿಯ ಮೇಲೆ ಕ್ಯಾಮೆರಾದವನು ಕೂತ. ಕಾರು ಮೊದಲ ತಗ್ಗಿಗೆ ಇಳಿದದ್ದೇ ನಡ ಜೋಲಿ ಬಿತ್ತು, ಎರಡೂ ಬಾಗಿಲು ಕಚ್ಚಿಕೊಂಡವು. ಹೀರೋ ಇಳಿಯಲು ಎಳೆದ, ಒದ್ದ, ಕೊನೆಗೆ ಸಿಟ್ಟಿನಿಂದ ಬಾಗಿಲ ಮೇಲಿಂದಲೇ ಹಾರಿದ. ಕ್ಯಾಮೆರಾ ಓಡುತ್ತಲೇ ಇತ್ತು. ಡೈರೆಕ್ಟರ್ ಕುಣಿದಾಡಿದ: "ವಾಹ್! ಇದನ್ನೇ ಇಡೋಣ!" ಹೀರೋಯಿನ್ನನ್ನು ಮಾತ್ರ ಇಬ್ಬರು ಎತ್ತಿ ಇಳಿಸಬೇಕಾಯಿತು. ಎರಡಿಂಚಿನ ಹೊಸ್ತಿಲನ್ನು ಇಳಿಯುವಾಗ ಅವಳು ದಾಟಲೇ ಇಲ್ಲ.

ಹಾಡು ಉಳಿಯಿತು, ಹೀರೋನ ಮೊಣಕಾಲು ತರಚಿತ್ತು. ಹೀರೋನ ಮೊಣಕಾಲಿಗೆ ಯಾರಾದರೂ ಜವಾಬು ಹೇಳಲೇಬೇಕಲ್ಲ! ಸೇಠ್ ಶೆಡ್ಡಿಗೆ ಬಂದು ಎಲ್ಲರ ಎದುರು ಕೇಳಿದರು: "ಮಾಸ್ಟರ್‌ಜಿ, ತಪ್ಪು ಡ್ರಾಯಿಂಗಿನದೋ, ವೆಲ್ಡಿಂಗಿನದೋ?"

ಗದಿಗೆಪ್ಪ ಅಣ್ಣಾರ ಮುಖ ನೋಡಿದ. ಅವನ ಕಣ್ಣಲ್ಲಿ ಭಯವಿರಲಿಲ್ಲ. ಊರಿನವರು, ಹಿರಿಯರು, ಇದ್ದದ್ದನ್ನು ಹೇಳುತ್ತಾರೆ ಎಂಬ ನೆಮ್ಮದಿಯಿತ್ತು. ಸಿದ್ದಲಿಂಗಪ್ಪನವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಒರೆಸಿದ್ದು ಬಹಳ ಹೊತ್ತಾಯಿತು.

"ಡ್ರಾಯಿಂಗ್ ಬರೋಬರ್ ಇದೆ," ಎಂದರು.

ಆ ಸಂಜೆಯೇ ಗದಿಗೆಪ್ಪ ತನ್ನ ಕಪ್ಪು ಗಾಜಿನ ಮುಖವಾಡ ಚೀಲಕ್ಕೆ ಹಾಕಿಕೊಂಡು ಹೋದ. ಜಗಳ ಮಾಡಲಿಲ್ಲ. ಮಾಡಿದ್ದರೆ ಸಿದ್ದಲಿಂಗಪ್ಪನವರಿಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಮರುವರ್ಷ ಸಿನಿಮಾ ಬಂತು. ಕಾಶವ್ವ ಇಳಕಲ್ ಸೀರೆ ಉಟ್ಟು ಗಂಡನ ಹೆಸರು ನೋಡಲು ದಾದರ್‌ನ ಮ್ಯಾಟಿನಿಗೆ ಬಂದಳು. ಸೇಠ್ ಮಾತಿಗೆ ತಪ್ಪಿರಲಿಲ್ಲ. ಹೆಸರು ಬಂತು, ವಿಗ್ಗಿನವನ ಮೇಲೆ, ಕುದುರೆಯವನ ಕೆಳಗೆ, ಒಟ್ಟು ಇಪ್ಪತ್ತು ಜನರ ನಡುವೆ.

"ಅಕಾ, ಅಲ್ಲಿ ನೋಡು!" ಎಂದರು ಸಿದ್ದಲಿಂಗಪ್ಪನವರು.

"ಎಲ್ಲೈತ್ರಿ?" ಎಂದು ಕಾಶವ್ವ ಕತ್ತು ಚಾಚುವಷ್ಟರಲ್ಲಿ ಪರದೆಯ ಮೇಲೆ ಸಮುದ್ರ ಬಂದಿತ್ತು.

ಹಾಡಿನಲ್ಲಿ ಹೀರೋ ಬಾಗಿಲ ಮೇಲಿಂದ ಹಾರಿದಾಗ ಥಿಯೇಟರ್ ತುಂಬ ಸಿಳ್ಳೆ. ಮುಂದೆ ಬೊಂಬಾಯಿಯ ಹುಡುಗರು ಸ್ಕೂಟರಿನಿಂದಲೂ ಹಾಗೇ ಹಾರಿ ಇಳಿಯತೊಡಗಿದರು.

ಆಟ ಬಿಟ್ಟಾಗ ಗೇಟಿನ ಬಳಿ ಗದಿಗೆಪ್ಪ ನಿಂತಿದ್ದ. ಅಂಗಿಯ ಮೇಲೆ ಕಿಡಿ ಬಿದ್ದ ತೂತುಗಳಿರಲಿಲ್ಲ, ಸಿಮೆಂಟಿನ ಧೂಳಿತ್ತು. ಶೂಟಿಂಗಿನ ಸುದ್ದಿ ಹಬ್ಬಿದ ಮೇಲೆ ಯಾವ ಶೆಡ್ಡಿನವರೂ ಅವನಿಗೆ ಬೆಸುಗೆ ಕೆಲಸ ಕೊಟ್ಟಿರಲಿಲ್ಲ. ಅವನು ಕೈ ಮುಗಿದ.

"ನಮಸ್ಕಾರ್ರೀ ಸಾಹೇಬ್ರ. ನನಗೆಲ್ಲಿ ಓದಾಕ ಬರ್ತೈತ್ರಿ, ಬಾಜೂದಾಂವಗ ಓದಸ್ದೆ. ಹೆಸರು ಚಲೋ ಬಂದೈತ್ರಿ."

ಅಷ್ಟು ಹೇಳಿ ಗರ್ದಿಯಲ್ಲಿ ಬೆರೆತುಹೋದ. ಅವನ ಮಾತಿನಲ್ಲಿ ಕೊಂಕಿತ್ತೇ ಎಂದು ಸಿದ್ದಲಿಂಗಪ್ಪನವರು ಹುಡುಕಿದರು. ಇರಲಿಲ್ಲ.

ದಾದರ್ ಸ್ಟೇಷನ್ನಿನ ಸೇತುವೆಯ ಮೆಟ್ಟಿಲ ಬಳಿ ಕಾಶವ್ವ ನಿಂತಳು. "ಅಲ್ರೀ, ಅಂವಾ ನಿಮಗ ಅಣ್ಣಾರ ಅಂತಿದ್ದ. ಈಗ್ಯಾಕ ಸಾಹೇಬ್ರ ಅಂದಾ?"

"ಗಾಡಿ ಬಂತು, ನಡಿ ನಡಿ," ಎಂದರು ಸಿದ್ದಲಿಂಗಪ್ಪನವರು.

ಗಾಡಿ ಬಂದಿರಲಿಲ್ಲ. ಇಬ್ಬರೂ ಪ್ಲಾಟ್‌ಫಾರ್ಮಿನಲ್ಲಿ ಖಾಲಿ ಹಳಿ ನೋಡುತ್ತ ಇಪ್ಪತ್ತು ನಿಮಿಷ ನಿಂತರು.